ತಂತಿ ಒಂದು, ಮನೆಮಂದಿ ಹಲವರು

ಮುಂಬೈಯ ಹಳೆಯ ಕಟ್ಟಡಗಳಲ್ಲಿ ಇಂಟರ್ನೆಟ್ ಮನೆಯೊಳಗೆ ಬರುವ ದಾರಿ ನಿಮಗೆಲ್ಲ ಗೊತ್ತು. ಕೇಬಲ್‌ವಾಲಾ ಟೆರೇಸಿನಿಂದ ಇಳಿಬಿಟ್ಟ ತಂತಿ ಕಿಟಕಿಯ ಮೂಲೆಯಿಂದ ನುಸುಳಿ, ಕಪಾಟಿನ ಹಿಂದೆ ಹಾದು, ಸೀದಾ ಕಂಪ್ಯೂಟರಿಗೆ ಬಂದು ಸೇರುತ್ತದೆ. ಈಗ ಹೆಚ್ಚಿನ ಮನೆಗಳಿಗೆ ಫೈಬರ್ ಬಂದಿದೆ, ಅದರ ಜೊತೆಗೇ ರೂಟರೂ ಬರುತ್ತದೆ. ಆದರೂ ಪೇಯಿಂಗ್ ಗೆಸ್ಟ್ ಖೋಲಿಗಳಲ್ಲಿ, ಕಂಪೆನಿಯ ಗೆಸ್ಟ್ ಹೌಸುಗಳಲ್ಲಿ, ಉಪನಗರದ ಎಷ್ಟೋ ಚಾಳುಗಳಲ್ಲಿ ಒಂದೇ ತಂತಿಯ ವ್ಯವಸ್ಥೆ ಉಳಿದುಕೊಂಡಿದೆ. ಅಲ್ಲಿರುವ ನಮ್ಮವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಕಂಪ್ಯೂಟರಿಗೆ ನೆಟ್ ಬರುತ್ತಿದೆ. ಅದನ್ನು ಫೋನಿಗೆ, ಟಿವಿಗೆ ಕೊಡುವುದು ಹೇಗೆ?"

2020ರ ಲಾಕ್‌ಡೌನ್‌ನಲ್ಲಿ ಈ ಪ್ರಶ್ನೆ ಎಷ್ಟು ಬಾರಿ ಬಂತೆಂದು ಲೆಕ್ಕವಿಟ್ಟಿಲ್ಲ. ಒಂದೇ ಖೋಲಿಯಲ್ಲಿ ಅಪ್ಪನ ಆಫೀಸು, ಮಗಳ ಶಾಲೆ, ಅಜ್ಜಿಯ ಧಾರಾವಾಹಿ. ತಂತಿ ಮಾತ್ರ ಒಂದು. ಉತ್ತರದಲ್ಲಿ ಎರಡು ಭಾಗಗಳಿವೆ. ಹೇಗೆ ಹಂಚುವುದು ಎಂಬುದು ಐದು ನಿಮಿಷದ ಕೆಲಸ. ಯಾರಿಗೆ ಹಂಚುವುದು ಎಂಬುದು ಸ್ವಲ್ಪ ಯೋಚಿಸಬೇಕಾದ ಮಾತು.

ವಿದೇಶ್ ಸಂಚಾರ್ ನಿಗಮ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಆಗ ಫೋನ್ ತಂತಿಯಲ್ಲೇ ಡಯಲ್ ಮಾಡಬೇಕಿತ್ತು. ನೆಟ್ ನಡೆಯುವಾಗ ಊರಿನಿಂದ ಫೋನ್ ಬಂದರೆ ಎಂಗೇಜ್. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. ಒಂದು ಮನೆಗೆ ಒಂದು ಕಂಪ್ಯೂಟರ್, ಅದಕ್ಕೊಂದು ಸಂಪರ್ಕ ಎಂಬ ಲೆಕ್ಕ ಆ ದಿನಗಳದ್ದು. ಆದರೆ ಹಂಚಿಕೊಳ್ಳುವ ಸೌಲಭ್ಯ ಕಂಪ್ಯೂಟರಿನೊಳಗೆ ಆಗಲೇ ಬಂದಿತ್ತು. 1999ರಲ್ಲಿ ಬಂದ ವಿಂಡೋಸ್ 98 ಎರಡನೇ ಆವೃತ್ತಿಯಲ್ಲೇ 'ಇಂಟರ್ನೆಟ್ ಕನೆಕ್ಷನ್ ಶೇರಿಂಗ್' ಇತ್ತು.

ಅದು ಕೆಲಸ ಮಾಡುವ ರೀತಿ ನಮಗೆ ಹೊಸದಲ್ಲ. ಊರಿನಿಂದ ಬಂದು ಫೋರ್ಟ್, ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ಸ್ವಂತ ವಿಳಾಸ ಎಲ್ಲಿತ್ತು? ಎಲ್ಲರ ಕಾಗದವೂ 'ಕೇರ್ ಆಫ್' ಹೋಟೆಲಿನ ಹೆಸರಿಗೇ. ಅಂಚೆಯವನು ಗಲ್ಲಾದಲ್ಲಿ ಕಟ್ಟು ಇಟ್ಟು ಹೋಗುತ್ತಿದ್ದ. ಯಾವುದು ಯಾರದೆಂದು ಧಣಿಗಳು ನೋಡಿ ಕೊಡುತ್ತಿದ್ದರು. ಇಲ್ಲೂ ಹಾಗೆಯೇ. ಹೊರಗಿನ ಜಗತ್ತಿಗೆ ಗೊತ್ತಿರುವುದು ನಿಮ್ಮ ಸಂಪರ್ಕಕ್ಕೆ ಸಿಕ್ಕಿರುವ ಒಂದು ಐಪಿ ವಿಳಾಸ. ಫೋನ್, ಟಿವಿ, ಟ್ಯಾಬ್ಲೆಟ್‌ಗಳಿಗೆ ಮನೆಯೊಳಗಷ್ಟೇ ನಡೆಯುವ ವಿಳಾಸವನ್ನು ಕಂಪ್ಯೂಟರೇ ಕೊಡುತ್ತದೆ. ಇಂದಿನ ವಿಂಡೋಸ್‌ನಲ್ಲಿ ಅವು ಸಾಮಾನ್ಯವಾಗಿ 192.168.137 ಎಂದು ಶುರುವಾಗುತ್ತವೆ. ಯಾವ ಕೋರಿಕೆ ಯಾವ ಸಾಧನದಿಂದ ಹೋಯಿತೆಂದು ಕಂಪ್ಯೂಟರ್ ಪಟ್ಟಿ ಇಟ್ಟುಕೊಂಡು, ಉತ್ತರ ಬಂದಾಗ ಸರಿಯಾದವರಿಗೆ ದಾಟಿಸುತ್ತದೆ. ಇದಕ್ಕೆ ತಂತ್ರಜ್ಞರು ಇಟ್ಟ ಹೆಸರು ನ್ಯಾಟ್. ಹಳೆಯ ಮಾದರಿಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಇರುವುದೇ ಸುಮಾರು 429 ಕೋಟಿ. ಈ ಕೇರ್ ಆಫ್ ಪದ್ಧತಿ ಇಲ್ಲದಿದ್ದರೆ ಅವು ಯಾವತ್ತೋ ಸಾಲದೆ ಹೋಗುತ್ತಿದ್ದವು.

ಇನ್ನು ಮಾಡುವ ಕ್ರಮ. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ವಿಭಾಗದಲ್ಲಿ 'ಮೊಬೈಲ್ ಹಾಟ್‌ಸ್ಪಾಟ್' ಒತ್ತಿ. ಯಾವ ಸಂಪರ್ಕವನ್ನು ಹಂಚಬೇಕು ಎಂದು ಕೇಳಿದಲ್ಲಿ 'ಈಥರ್ನೆಟ್' ಆರಿಸಿ. ಯಾವುದರ ಮೂಲಕ ಎಂಬಲ್ಲಿ 'ವೈ-ಫೈ'. ಹೆಸರು, ಪಾಸ್‌ವರ್ಡ್ ನಿಮಗೆ ಬೇಕಾದಂತೆ ಬದಲಾಯಿಸಿ ಚಾಲೂ ಮಾಡಿ. ಎಂಟು ಸಾಧನಗಳವರೆಗೆ ಸೇರಿಸಬಹುದು. ಆಪಲ್‌ನ ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ 'ಜನರಲ್' ಒಳಗೆ, 'ಶೇರಿಂಗ್' ಎಂಬಲ್ಲಿ 'ಇಂಟರ್ನೆಟ್ ಶೇರಿಂಗ್' ಸಿಗುತ್ತದೆ. ಲ್ಯಾಪ್‌ಟಾಪಿನಲ್ಲಿ ವೈ-ಫೈ ಇದ್ದೇ ಇರುತ್ತದೆ. ಹಳೆಯ ಡೆಸ್ಕ್‌ಟಾಪಿನಲ್ಲಿ ಇಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ವೈ-ಫೈ ಡಾಂಗಲ್ ಬೇಕು. ಗ್ರ್ಯಾಂಟ್ ರೋಡ್ ಸ್ಟೇಶನ್ನಿನ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ.

ಮಾಡಿದ ಮೇಲೆ ಬರುವ ತಕರಾರುಗಳೂ ಸಾಮಾನ್ಯವಾಗಿ ಇವೇ. ಫೋನಿಗೆ ಸಿಕ್ಕ ಹಾಟ್‌ಸ್ಪಾಟ್ ಟಿವಿಗೆ ಕಾಣಿಸದಿದ್ದರೆ, ಬ್ಯಾಂಡ್ 2.4 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ಹಲವು ಅಗ್ಗದ ಸಾಧನಗಳಿಗೆ 5 ಗಿಗಾಹರ್ಟ್ಸ್ ಹಿಡಿಯುವುದಿಲ್ಲ. ಯಾರೂ ಬಳಸದೆ ಇದ್ದಾಗ ಹಾಟ್‌ಸ್ಪಾಟ್ ತಾನಾಗಿ ನಿಲ್ಲುತ್ತಿದ್ದರೆ, ಅದೇ ಪುಟದಲ್ಲಿರುವ ವಿದ್ಯುತ್ ಉಳಿತಾಯದ ಆಯ್ಕೆಯನ್ನು ತೆಗೆಯಿರಿ. ಕಂಪ್ಯೂಟರ್ ನಿದ್ರೆಗೆ ಜಾರಿದರೆ ಮನೆಯವರ ನೆಟ್ಟೂ ಹೋಗುತ್ತದೆ ಎಂಬುದು ನೆನಪಿರಲಿ. ಆಫೀಸು ಕೊಟ್ಟ ಲ್ಯಾಪ್‌ಟಾಪಿನಿಂದ ಹಂಚಲು ಹೋಗಬೇಡಿ. ಹೆಚ್ಚಿನ ಕಂಪೆನಿಗಳು ಅದಕ್ಕೆ ಒಪ್ಪುವುದಿಲ್ಲ, ವಿಪಿಎನ್ ಹಾಕಿದರೆ ಹಂಚಿಕೆ ನಿಂತುಹೋಗುವುದೂ ಉಂಟು.

ಇದೆಲ್ಲ ತಾತ್ಕಾಲಿಕಕ್ಕೆ ಚೆನ್ನ. ಖಾಯಂ ಬೇಕಾದರೆ ರೂಟರ್ ತರುವುದೇ ಮೇಲು. ಡೆಸ್ಕ್‌ಟಾಪ್ ದಿನವಿಡೀ ಉರಿದರೆ ರೂಟರಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಬಿಲ್ಲು ಕಟ್ಟುವವರು ನೀವೇ. ರೂಟರ್ ತಂದು ತಂತಿ ಚುಚ್ಚಿದರೂ ನೆಟ್ ಬರಲಿಲ್ಲವೆಂದು ಕೆಲವರು ಅದನ್ನು ಅಂಗಡಿಗೆ ಮರಳಿಸುತ್ತಾರೆ. ಆತುರ ಬೇಡ. ಕೆಲವು ಕೇಬಲ್‌ವಾಲಾಗಳು ಸಂಪರ್ಕವನ್ನು ನಿಮ್ಮ ಕಂಪ್ಯೂಟರಿನ ಮ್ಯಾಕ್ ವಿಳಾಸಕ್ಕೆ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಗೆ, ಕಟ್ಟಿಹಾಕಿರುತ್ತಾರೆ. ರೂಟರಿನ ಅಡಿಯಲ್ಲಿ ಬರೆದಿರುವ ಸಂಖ್ಯೆಯನ್ನು ಅವರಿಗೆ ಕೊಟ್ಟು ಬದಲಾಯಿಸಲು ಹೇಳಿ. ಡಯಲ್ ಮಾಡಲು ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟಿದ್ದರೆ ಅವನ್ನು ರೂಟರಿನಲ್ಲೇ ತುಂಬಬೇಕು.

ಈಗ ಎರಡನೆಯ ಭಾಗ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್‌ಗಳು ಸಿಡಿದವು. ಅದಕ್ಕೆ ಕೆಲವೇ ನಿಮಿಷಗಳ ಮೊದಲು ಸುದ್ದಿಮಾಧ್ಯಮಗಳಿಗೆ ಬಂದ ಬೆದರಿಕೆ ಇಮೇಲಿನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯ ಸಾನ್‌ಪಾಡಾದ ಒಂದು ಮನೆಗೆ. ಆ ಮನೆಯವರಿಗೂ ಇಮೇಲಿಗೂ ಸಂಬಂಧವೇ ಇರಲಿಲ್ಲ. ಯಾರೋ ಅವರ ವೈ-ಫೈಯೊಳಗೆ ನುಸುಳಿ ಕಳುಹಿಸಿದ್ದರು. ಅದೇ ಆಗಸ್ಟ್, ಸೆಪ್ಟೆಂಬರಿನಲ್ಲಿ ಬಂದ ಇಂಥದೇ ಇಮೇಲುಗಳ ಜಾಡು ಮಾಟುಂಗಾದ ಒಂದು ಕಾಲೇಜಿಗೆ, ಚೆಂಬೂರಿನ ಒಂದು ಕಂಪೆನಿಗೆ ಮುಟ್ಟಿತು. ಮುಂದಿನ ವರ್ಷದ ಆರಂಭದಲ್ಲಿ ಮುಂಬೈ ಪೊಲೀಸರು ಬೀಗವಿಲ್ಲದ ವೈ-ಫೈಗಳನ್ನು ಹುಡುಕಿ ಎಚ್ಚರಿಸುವ ಕೆಲಸಕ್ಕೆ ಇಳಿದರು.

ಕೇರ್ ಆಫ್ ಪದ್ಧತಿಯ ಇನ್ನೊಂದು ಮುಖ ಇದು. ಒಳಗಿನವರಲ್ಲಿ ಯಾರು ಏನೇ ಕಳುಹಿಸಿದರೂ ಹೊರಗೆ ಕಾಣುವುದು ಒಂದೇ ವಿಳಾಸ, ಅದು ಸಂಪರ್ಕ ಪಡೆದವರ ಹೆಸರಿನಲ್ಲಿರುತ್ತದೆ. ಪೊಲೀಸರು ಬಂದರೆ ಬಾಗಿಲು ತೆರೆಯಬೇಕಾದವರು ಅವರೇ. ತಾನಲ್ಲವೆಂದು ತೋರಿಸುವ ಹೊತ್ತಿಗೆ ಎಷ್ಟು ದಿನ, ಎಷ್ಟು ನೆಮ್ಮದಿ ಹೋಗುತ್ತದೋ!

ಅಂಧೇರಿ, ಥಾಣೆ, ಡೊಂಬಿವಲಿಗಳಲ್ಲಿ ನಾಲ್ಕೈದು ಮಂದಿ ಸೇರಿ ಖೋಲಿ ಮಾಡಿರುವ ನಮ್ಮ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬಿಲ್ಲನ್ನು ಸಮನಾಗಿ ಹಂಚಿಕೊಳ್ಳುತ್ತೀರಿ, ಸಂತೋಷ. ಆದರೆ ಹೊಣೆ ಹಂಚಿಹೋಗುವುದಿಲ್ಲ. ಯಾರ ದಾಖಲೆ ಕೊಟ್ಟು ಸಂಪರ್ಕ ಪಡೆದಿದ್ದೀರೋ ಅವನ ತಲೆಯ ಮೇಲೆ ಉಳಿಯುತ್ತದೆ. ಹಾಗಾಗಿ ಪಾಸ್‌ವರ್ಡ್ ಯಾರಿಗೆ ಕೊಡಬೇಕೆಂದು ಅವನೇ ತೀರ್ಮಾನಿಸಲಿ, ಉಳಿದವರು ಬೇಸರಿಸಬೇಡಿ. ಪಕ್ಕದ ಮನೆಯವರು ಕೇಳಿದರೆ ಒಂದು ಲೋಟ ಸಕ್ಕರೆ ಧಾರಾಳ ಕೊಡಿ. ಪಾಸ್‌ವರ್ಡಿನ ಮಾತು ಬೇರೆ: ಅವರ ಮಗುವಿನ ಪರೀಕ್ಷೆಯ ಫಾರ್ಮನ್ನು ನಿಮ್ಮ ಕಂಪ್ಯೂಟರಿನಲ್ಲೇ ಕೂತು ತುಂಬಿಕೊಡಿ, ಅದೇ ದೊಡ್ಡ ಉಪಕಾರ. ಪಾಸ್‌ವರ್ಡೂ ಫೋನ್ ನಂಬರೋ ಮನೆ ನಂಬರೋ ಆಗಿರುವುದು ಬೇಡ.

ಖೋಲಿ ಬಿಟ್ಟು ಹೋಗುವವನಿಂದ ಬೀಗದ ಕೈ ಮರಳಿ ಪಡೆಯುತ್ತೀರಲ್ಲ, ಅದೇ ದಿನ ಪಾಸ್‌ವರ್ಡನ್ನೂ ಬದಲಾಯಿಸಿಬಿಡಿ.