ನಿಧಾನ ಮತ್ತು ನಿದಾನ

ದೀಪಾವಳಿಯೆಂದರೆ ಜೈನರಿಗೆ ಭಗವಾನ್ ಮಹಾವೀರರ ನಿರ್ವಾಣದ ದಿನ. ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನೆಲೆನಿಂತ ಮುನಿಗಳು ಆ ಹೊತ್ತಿಗೆ ಚಾತುರ್ಮಾಸವನ್ನು ಮುಗಿಸಿ ಮತ್ತೆ ವಿಹಾರಕ್ಕೆ ಹೊರಡುತ್ತಾರೆ. ಹೋದ ನವೆಂಬರಿನಲ್ಲಿ ಮುನಿಮಹಾರಾಜರೊಬ್ಬರು ಬೀದರಿನಿಂದ ಔರಾದ್ ಮಾರ್ಗವಾಗಿ ಮಹಾರಾಷ್ಟ್ರದ ಕಡೆಗೆ ನಡೆದರು. ನಮ್ಮ ಜಿಲ್ಲೆಯಲ್ಲಿ ಜೈನರ ಮನೆಗಳು ಹೆಚ್ಚಿಲ್ಲ. ಆದ್ದರಿಂದ ದಾರಿಯ ವ್ಯವಸ್ಥೆ ನೋಡಿಕೊಳ್ಳಲು ಭಾಲ್ಕಿಯಿಂದ ನಾವು ನಾಲ್ಕೈದು ಶ್ರಾವಕರು ಹೋಗಿ ಸೇರಿಕೊಂಡೆವು. ಬದುಕಿನ ಬಹುಭಾಗವನ್ನು ಶಾಲೆಯ ಗಂಟೆಯ ಸದ್ದಿಗೆ ಹೊಂದಿಸಿಕೊಂಡು ಕಳೆದವನು ನಾನು. ಎಲ್ಲಿ ಆಹಾರ, ಎಲ್ಲಿ ವಿಶ್ರಾಂತಿ, ಎಷ್ಟು ಹೊತ್ತಿಗೆ ಯಾವ ಊರು ಎಂಬ ಪಟ್ಟಿಯನ್ನು ನಾನೇ ತಯಾರಿಸಿದ್ದೆ.

ಜೊತೆಯಲ್ಲಿ ನನ್ನ ತಮ್ಮನ ಮಗನೂ ಬಂದಿದ್ದ. ಬೆಂಗಳೂರಿನಲ್ಲಿ ಉದ್ಯೋಗ, ರಜೆ ಸಿಕ್ಕರೆ ಬೆಟ್ಟಗಳ ಚಾರಣ. ಕುಕ್ಕೆಯಿಂದ ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದು ಬಂದವನು. ಅವನ ಕೈಗಡಿಯಾರ ಹೆಜ್ಜೆಗಳನ್ನು ಎಣಿಸುತ್ತದೆ, ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಹಿಡಿಯಿತೆಂದು ಹೇಳುತ್ತದೆ, ಎದೆಬಡಿತವನ್ನೂ ತೋರಿಸುತ್ತದೆ. ದಾರಿಯಲ್ಲಿ ಅವನು ನನಗೊಂದು ಸಂಗತಿ ಹೇಳಿದ. ಅಮೆರಿಕದ ಪೂರ್ವಭಾಗದಲ್ಲಿ ಅಪಲಾಚಿಯನ್ ಎಂಬ ಕಾಲುದಾರಿಯಿದೆ. ಜಾರ್ಜಿಯಾದಿಂದ ಮೇನ್‌ವರೆಗೆ, 14 ರಾಜ್ಯಗಳಲ್ಲಿ ಹಾದುಹೋಗುವ ಸುಮಾರು 3,500 ಕಿಲೋಮೀಟರ್ ಉದ್ದದ ಬೆಟ್ಟದ ಹಾದಿ. ಸಾಮಾನ್ಯರು ಅದನ್ನು ನಡೆದು ಮುಗಿಸಲು ಐದಾರು ತಿಂಗಳು ಬೇಕು. ಆದರೆ ಅದನ್ನು ಅತಿ ಕಡಿಮೆ ಅವಧಿಯಲ್ಲಿ ಮುಗಿಸುವ ಸ್ಪರ್ಧೆಯೂ ನಡೆಯುತ್ತದೆ. 2011ರಲ್ಲಿ ಜೆನಿಫರ್ ಫಾರ್ ಡೇವಿಸ್ ಎಂಬ ಮಹಿಳೆ 46 ದಿನ, 11 ಗಂಟೆ, 20 ನಿಮಿಷಗಳಲ್ಲಿ ಮುಗಿಸಿದರು. 2015ರಲ್ಲಿ ಸ್ಕಾಟ್ ಜ್ಯುರೆಕ್ ಎಂಬುವರು 46 ದಿನ, 8 ಗಂಟೆ, 7 ನಿಮಿಷಗಳಲ್ಲಿ ಮುಗಿಸಿ ಆ ದಾಖಲೆಯನ್ನು ಮುರಿದರು. 2024ರ ಸೆಪ್ಟೆಂಬರಿನಲ್ಲಿ ಟಾರಾ ಡವರ್ ಎಂಬ ಮಹಿಳೆ ಅದನ್ನು 40 ದಿನ, 18 ಗಂಟೆಗಳಿಗೆ ತಂದು ನಿಲ್ಲಿಸಿದರು. ದಿನಕ್ಕೆ ಸರಾಸರಿ 85 ಕಿಲೋಮೀಟರಿಗೂ ಹೆಚ್ಚು!

ಕೇಳಿ ಬೆರಗಾದೆ. ಆಮೇಲೆ ಮೇಷ್ಟರ ಬುದ್ಧಿ ಕಳೆಯುವ ಲೆಕ್ಕ ಮಾಡಿತು. ನಲವತ್ತಾರು ದಿನಗಳ ಓಟದ ಕೊನೆಯಲ್ಲಿ ಜ್ಯುರೆಕ್ ಗಳಿಸಿದ್ದು 3 ಗಂಟೆ, 13 ನಿಮಿಷ. ಅಷ್ಟಕ್ಕಾಗಿ ಎಷ್ಟು ನೋವು, ಎಷ್ಟು ನಿದ್ದೆಗೇಡು! ಆ ದಾಖಲೆಯಾದರೂ ಅವರ ಬಳಿ ಉಳಿಯಲಿಲ್ಲ. ಹನ್ನೆರಡು ಭಾವನೆಗಳಲ್ಲಿ ಮೊದಲನೆಯದಾದ ಅನಿತ್ಯಭಾವನೆಗೆ ಇದಕ್ಕಿಂತ ಸುಲಭವಾದ ಪಾಠ ಬೇಕೆ ಎಂದು ಮನಸ್ಸಿನಲ್ಲಿಯೇ ಅಂದುಕೊಂಡೆ. ಸ್ವಲ್ಪ ಬೀಗಿದೆ ಎಂದೂ ಹೇಳಬೇಕು. ನಮ್ಮ ಮುಂದೆ ನಡೆಯುತ್ತಿದ್ದವರು ಪಿಂಛಿ ಕಮಂಡಲು ಹಿಡಿದ ದಿಗಂಬರ ಮುನಿಗಳು. ಅವರ ಹಿಂದೆ ನಡೆಯುವ ನನಗೆ ಇಂಥ ಹುಚ್ಚು ಇಲ್ಲವಲ್ಲ ಎಂಬ ಸಮಾಧಾನ.

ಆ ಸಮಾಧಾನ ಎರಡನೆಯ ದಿನದ ಸಂಜೆಯವರೆಗೆ ಮಾತ್ರ ಬಾಳಿತು.

ಮುನಿಗಳ ನಡಿಗೆಗೆ ಈರ್ಯಾಸಮಿತಿಯೆಂಬ ನಿಯಮವಿದೆ. ಐದು ಸಮಿತಿಗಳಲ್ಲಿ ಇದೇ ಮೊದಲನೆಯದು. ಸೂರ್ಯನ ಬೆಳಕಿನಲ್ಲಿ ಮಾತ್ರ ನಡೆಯಬೇಕು. ಜನರೂ ದನಕರುಗಳೂ ತುಳಿದು ಹದವಾದ ದಾರಿಯಲ್ಲಿ ನಡೆಯಬೇಕು, ಹಸಿರು ಹುಲ್ಲನ್ನು ಮೆಟ್ಟಬಾರದು. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡಬೇಕು. ನಡೆಯುವಾಗ ಮನಸ್ಸು ಬೇರೆಡೆಗೆ ಹೋಗಬಾರದು. ಹಿಂಸೆಯ ಮೂಲವು ಎಚ್ಚರಗೇಡಿತನದಲ್ಲಿದೆ ಎಂಬುದು ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರ ಕಲಿಸುವ ಪಾಠ. ಕಾಲ ಕೆಳಗಿನ ಜೀವವನ್ನು ಕಾಯುವ ಎಚ್ಚರವೇ ನಡೆಯುವವನ ಆತ್ಮವನ್ನೂ ಕಾಯುತ್ತದೆ.

ಹಿಂದಿನ ರಾತ್ರಿ ಅಕಾಲದಲ್ಲಿ ಮಳೆ ಸುರಿದಿತ್ತು. ಮಾಂಜ್ರಾ ನದಿಯ ಸೇತುವೆ ದಾಟಿ ಸಂತಪುರದ ಕಡೆಗೆ ಹೊರಟಾಗ ಡಾಂಬರು ರಸ್ತೆಯ ತುಂಬ ಎರೆಹುಳುಗಳು. ಎರಡೂ ಬದಿಯ ಹೊಲಗಳಲ್ಲಿ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ರಸ್ತೆಯ ಅಂಚಿನಲ್ಲಿ ಹುಲ್ಲು ಚಿಗುರಿತ್ತು, ಅಲ್ಲಿ ಕಾಲಿಡುವಂತಿಲ್ಲ. ಮಹಾರಾಜರು ಒಂದೊಂದೇ ಹೆಜ್ಜೆಯನ್ನು ನೋಡಿ ನೋಡಿ ಇಟ್ಟರು. ಕೆಲವೆಡೆ ನಿಂತೇಬಿಟ್ಟರು. ತಮ್ಮನ ಮಗನ ಗಡಿಯಾರದ ಪ್ರಕಾರ ಒಂದು ಕಿಲೋಮೀಟರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಅಲ್ಲಿ ಸಂತಪುರದಲ್ಲಿ ಜನ ಕಲಶ ಹಿಡಿದು ಕಾಯುತ್ತಿದ್ದರು. ಮೇಲಿಂದ ಮೇಲೆ ಫೋನು ಬರುತ್ತಿತ್ತು. ನಾನು ಮುಂದೆ ಹೋಗಿ ಹಿಂದೆ ನೋಡುವುದು, ಮತ್ತೆ ಮುಂದೆ ಹೋಗುವುದು ನಡೆದಿತ್ತು. ನನ್ನ ಪಟ್ಟಿಯ ಪ್ರಕಾರ ಆ ದಿನಕ್ಕೆ 16 ಕಿಲೋಮೀಟರ್; ಸೂರ್ಯ ಮುಳುಗುವ ಹೊತ್ತಿಗೆ ನಡೆದದ್ದು 11. ರಸ್ತೆಯ ಪಕ್ಕದ ಹಳ್ಳಿಯೊಂದರ ಶಾಲೆಯ ಪಡಸಾಲೆಯಲ್ಲಿ ಮಹಾರಾಜರು ತಂಗಿದರು. ತಡವಾಯಿತೆಂಬ ಒಂದು ಮಾತೂ ಅವರಿಂದ ಬರಲಿಲ್ಲ. ನೆಲವನ್ನು ಪಿಂಛಿಯಿಂದ ಮೃದುವಾಗಿ ಸವರಿ, ಕುಳಿತು, ಪ್ರತಿಕ್ರಮಣದಲ್ಲಿ ತೊಡಗಿದರು. ಅಷ್ಟು ಎಚ್ಚರದಿಂದ ನಡೆದವರು ದಾರಿಯಲ್ಲಿ ತಿಳಿಯದೆ ನೊಂದ ಜೀವಗಳ ಕ್ಷಮೆ ಬೇಡುತ್ತಿದ್ದರು. ಅವಸರದಲ್ಲಿ ಹಿಂದೆಮುಂದೆ ಓಡಾಡಿ ಎಷ್ಟು ಎರೆಹುಳುಗಳನ್ನು ತುಳಿದೆನೋ ತಿಳಿಯದ ನಾನು ಮಾತ್ರ ಪುಸ್ತಕ ತೆಗೆದು ಲೆಕ್ಕ ಬರೆಯುತ್ತ ಕುಳಿತಿದ್ದೆ.

ಆ ಪುಸ್ತಕದ ವಿಷಯ ಹೇಳಬೇಕು. ನಿವೃತ್ತಿಯ ನಂತರ ಮುನಿಸಂಘಗಳೊಂದಿಗೆ ನಾನು ನಡೆದ ದೂರವನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದೇನೆ. ಯಾವ ವರ್ಷ, ಯಾವ ಮಹಾರಾಜರು, ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್. ಕೊನೆಯ ಪುಟದಲ್ಲಿ ಒಟ್ಟು ಮೊತ್ತ. ಆ ವಿಹಾರದಲ್ಲಿ ಅದು ಸಾವಿರ ಮುಟ್ಟುತ್ತದೆಂದು ನಾನು ಮೊದಲೇ ಎಣಿಸಿದ್ದೆ. ಭಾಲ್ಕಿಯಲ್ಲಿ ಒಬ್ಬಿಬ್ಬರಿಗೆ ಹೇಳಿಯೂ ಇದ್ದೆ. ಹುಡುಗ ಹಿಂದಿನಿಂದ ಇಣುಕಿ ನೋಡಿ ನಕ್ಕ. "ದೊಡ್ಡಪ್ಪಾ, ನಿಮ್ಮದೂ ಗಡಿಯಾರನೇ ಅದ. ಕಾಗದದ್ದು, ಅಷ್ಟೇ" ಎಂದ.

ತಮಾಷೆಗೆ ಆಡಿದ ಮಾತು. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕನ್ನಡದ ಮಕ್ಕಳಿಗೆ ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸವನ್ನು ತಿದ್ದಿ ತಿದ್ದಿ ಕಲಿಸಿದವನು ನಾನು. ನಮ್ಮ ಮಾತಿನಲ್ಲಿ 'ನಿಧಾನ'ವೆಂದರೆ ಸಾವಕಾಶ. ಜಿನಾಗಮದಲ್ಲಿ 'ನಿದಾನ'ವೆಂಬ ಇನ್ನೊಂದು ಪದವಿದೆ. ಮಾಡಿದ ವ್ರತಕ್ಕೆ, ತಪಸ್ಸಿಗೆ ಪ್ರತಿಯಾಗಿ ನನಗೆ ಇಂಥ ಭೋಗ ಸಿಗಲಿ, ಇಂಥ ಪದವಿ ಬರಲಿ ಎಂದು ಒಳಗೊಳಗೆ ಬಯಸುವುದೇ ನಿದಾನ. ಮಾಯೆ, ಮಿಥ್ಯೆ, ನಿದಾನ ಈ ಮೂರನ್ನು ಶಲ್ಯಗಳೆಂದು ಕರೆದಿದ್ದಾರೆ. ಶಲ್ಯವೆಂದರೆ ಮುಳ್ಳು. ಅಂಗಾಲಿನಲ್ಲಿ ಮುಳ್ಳಿರುವವನು ಎಷ್ಟೇ ಸಾವಕಾಶವಾಗಿ ನಡೆದರೂ ಪ್ರತಿ ಹೆಜ್ಜೆಗೂ ಅದು ಚುಚ್ಚುತ್ತದೆ. ನನ್ನ ನಡಿಗೆಯಲ್ಲಿ ನಿಧಾನವಿತ್ತು, ಜೊತೆಗೆ ನಿದಾನವೂ ಇತ್ತು.

ದಾಖಲೆಗಾಗಿ ಓಡುವವರನ್ನು ಕಂಡು 'ಇವರು ದಾರಿಯನ್ನು ಸವಿಯುವುದಿಲ್ಲ' ಎಂದು ನಾವು ಸುಲಭವಾಗಿ ತೀರ್ಪು ಕೊಡುತ್ತೇವೆ. ಆ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ. ವೇಗವೇ ಪಾಪವೆಂದು ಜಿನಾಗಮ ಹೇಳಿಲ್ಲ. ಪಂಪನ ಆದಿಪುರಾಣವನ್ನು ಓದಿದವರಿಗೆ ಆಕಾಶದಲ್ಲಿ ಸಂಚರಿಸುವ ಚಾರಣಮುನಿಗಳ ಪರಿಚಯವಿದೆ. ಅವರಿಗಿಂತ ಬೇಗ ಹೋಗುವವರು ಯಾರು? ಆದರೆ ಆ ಋದ್ಧಿಯನ್ನು ಅವರು ಮೆರೆಸಲಿಲ್ಲ. ಇನ್ನು ನಾನು ಹೇಳಿದ ಜ್ಯುರೆಕ್ ಹಾಲು, ಮೊಸರನ್ನೂ ಬಿಟ್ಟ ಸಸ್ಯಾಹಾರಿ. ಅವರ ಆಹಾರನಿಯಮವನ್ನು ಕಂಡು ನಮ್ಮಲ್ಲಿ ಅನೇಕರು ತಲೆತಗ್ಗಿಸಬೇಕು. ಹೀಗಿರುವಾಗ ವೇಗಿಯೆಂದರೆ ಅವಿವೇಕಿ, ಸಾವಕಾಶಿಯೆಂದರೆ ಸಾಧಕ ಎಂದು ಗೆರೆ ಎಳೆಯುವುದು ಸರಿಯಲ್ಲ.

ಸಾವಕಾಶವೂ ಒಂದು ಮದವಾಗಬಲ್ಲದು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಬಲದ ಮದ, ಶರೀರದ ಮದಗಳೊಂದಿಗೆ ತಪಸ್ಸಿನ ಮದವೂ ಇದೆ. ಮೊದಲ ಎರಡು ಓಟಗಾರನಿಗೆ ಅಂಟಬಹುದಾದರೆ, ಕೊನೆಯದು ಅಂಟುವುದು ನನ್ನಂಥವರಿಗೇ. ಶಿಖರಜಿಯ ಸುಮಾರು 27 ಕಿಲೋಮೀಟರ್ ವಂದನೆಯನ್ನು ಎಷ್ಟು ಗಂಟೆಯಲ್ಲಿ ಮುಗಿಸಿದೆವು ಎಂದು ಬಸದಿಯ ಕಟ್ಟೆಯ ಮೇಲೆ ಕುಳಿತು ಹೇಳಿಕೊಳ್ಳುವವರನ್ನು ನೀವೂ ಕಂಡಿರಬಹುದು. ಬೆಳಗೊಳದ ವಿಂಧ್ಯಗಿರಿಯನ್ನು ನಿಲ್ಲದೆ ಹತ್ತಿದೆನೆಂಬ ಹೆಮ್ಮೆಯೂ ಅಂಥದೇ. ಹತ್ತಿದ್ದು ಯಾರ ದರ್ಶನಕ್ಕೆ ಎಂಬುದೇ ಆ ಹೆಮ್ಮೆಯಲ್ಲಿ ಮರೆತುಹೋಗುತ್ತದೆ.

ಆ ಬೆಟ್ಟದ ಮೇಲೆ ನಿಂತ ಬಾಹುಬಲಿಯ ಕಥೆಯನ್ನೇ ನೆನೆಯಿರಿ. ಒಂದು ವರ್ಷ ಅಲುಗಾಡದೆ ನಿಂತ ಮಹಾತ್ಮ. ಕಾಲಿಗೆ ಬಳ್ಳಿ ಹಬ್ಬಿತು, ಪಕ್ಕದಲ್ಲಿ ಹುತ್ತ ಬೆಳೆಯಿತು. ಅದಕ್ಕಿಂತ ದೊಡ್ಡ ದಾಖಲೆ ಯಾವುದಿದೆ? ಆದರೂ ಕೇವಲಜ್ಞಾನ ಬರಲಿಲ್ಲ. ತಾನು ನಿಂತಿರುವುದು ಭರತನ ನೆಲವೆಂಬ ಸಣ್ಣ ಮುಳ್ಳು ಮನಸ್ಸಿನಲ್ಲಿ ಉಳಿದಿತ್ತೆಂದು ಹಿರಿಯರು ನಮಗೆ ಹೇಳುತ್ತ ಬಂದಿದ್ದಾರೆ. ಕೊರತೆಯಿದ್ದದ್ದು ಕಾಲದಲ್ಲಲ್ಲ. ಆ ಮುಳ್ಳು ಕಳಚಿದ ಕ್ಷಣದಲ್ಲಿ ಜ್ಞಾನ ಬೆಳಗಿತು.

ಹಾಗಾದರೆ ಎಣಿಸುವುದೇ ತಪ್ಪೇ ಎಂದು ಓದುಗರು ಕೇಳಬಹುದು. ನಮ್ಮ ಧರ್ಮದಲ್ಲಿಯೇ ಎಣಿಕೆ ಎಷ್ಟಿಲ್ಲ? ಜಪಮಾಲೆಗೆ 108 ಮಣಿ. ಪಾಲಿತಾಣದ ಶತ್ರುಂಜಯಗಿರಿಗೆ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಶ್ವೇತಾಂಬರ ಬಂಧುಗಳು ಅದನ್ನು 99 ಬಾರಿ ಹತ್ತುವ ಯಾತ್ರೆಯನ್ನು ಕೈಗೊಳ್ಳುತ್ತಾರೆ. ಇದನ್ನು ದಾಖಲೆಯ ಹುಚ್ಚು ಎನ್ನಬಹುದೇ? ನನಗೆ ಹೊಳೆದ ಉತ್ತರ ಇಷ್ಟು. ವ್ರತದ ಎಣಿಕೆ ಮುಂಚಿತವಾಗಿ ನಮಗೆ ನಾವೇ ಹಾಕಿಕೊಂಡ ಕಟ್ಟು. ಅದು ಚಂಚಲ ಮನಸ್ಸಿಗೆ ಊರುಗೋಲು. ಮುಟ್ಟಿದ ಮೇಲೆ ಊರುಗೋಲನ್ನು ಮೂಲೆಗಿಡಬಹುದು. ಗೃಹಸ್ಥನ ದಿಗ್ವ್ರತವೂ ಇಂಥದೇ: ಇಷ್ಟು ದೂರಕ್ಕಿಂತ ಆಚೆ ಹೋಗೆನು ಎಂಬ ಮಿತಿ. ದಾಖಲೆಯ ಎಣಿಕೆಯ ದಿಕ್ಕು ಬೇರೆ. ಅದಕ್ಕೆ ಮಿತಿಯನ್ನು ಮುರಿಯುವುದೇ ಗುರಿ, ಇನ್ನೊಬ್ಬರ ಹೆಸರು ಪಟ್ಟಿಯ ಕೆಳಕ್ಕಿಳಿದಾಗಲೇ ತೃಪ್ತಿ. ಒಂದೇ ಸಂಖ್ಯೆ ಒಬ್ಬನ ಕೈಯಲ್ಲಿ ವ್ರತವಾಗಬಹುದು, ಇನ್ನೊಬ್ಬನ ಬಾಯಲ್ಲಿ ಮದವಾಗಬಹುದು. ಬೆಟ್ಟ ಇಳಿದ ಮೇಲೆ ಅದನ್ನು ಯಾರಿಗೆ ಹೇಳಲು ತವಕಿಸುತ್ತೇವೆ ಎಂಬುದನ್ನು ನೋಡಿಕೊಂಡರೆ ಯಾವುದು ಯಾವುದೆಂದು ತಿಳಿಯುತ್ತದೆ.

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು 1927ರಲ್ಲಿ ದಕ್ಷಿಣದಿಂದ ಹೊರಟು ಕಾಲ್ನಡಿಗೆಯಲ್ಲಿಯೇ ಸಮ್ಮೇದ ಶಿಖರಜಿಯನ್ನು ತಲುಪಿದರು. ಮರೆತೇಹೋದಂತಿದ್ದ ದಿಗಂಬರ ಮುನಿಮಾರ್ಗವನ್ನು ಉತ್ತರದ ಜನ ಮತ್ತೆ ಕಣ್ಣಾರೆ ಕಂಡದ್ದು ಆ ವಿಹಾರದಲ್ಲಿ. ಅವರ ಉಪವಾಸಗಳನ್ನೂ ಮೈಲಿಗಳನ್ನೂ ಎಣಿಸಿದವರು ಭಕ್ತರಾದ ನಾವು. 1955ರ ಸೆಪ್ಟೆಂಬರಿನಲ್ಲಿ ಅವರು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದರು. ಅದೇ ತಿಂಗಳಲ್ಲಿ, ಅವರ ಹೆಸರನ್ನೂ ಕೇಳಿರದ ಎಮ್ಮಾ ಗೇಟ್‌ವುಡ್ ಎಂಬ 67 ವಯಸ್ಸಿನ ಅಜ್ಜಿ ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು, ಮಾಮೂಲು ಕ್ಯಾನ್ವಾಸ್ ಬೂಟುಗಳಲ್ಲಿ, ಆ ಅಪಲಾಚಿಯನ್ ದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಆಕೆಗೆ ಹಿಡಿದದ್ದು 146 ದಿನ. ಆಚಾರ್ಯರ ತ್ಯಾಗಕ್ಕೂ ಆ ಅಜ್ಜಿಯ ನಡಿಗೆಗೂ ಹೋಲಿಕೆಯಿಲ್ಲ. ಆದರೂ ಹೊರೆ ಕಡಿಮೆಯಿದ್ದಷ್ಟೂ ದಾರಿ ಹಗುರವೆಂಬುದನ್ನು ಇಬ್ಬರಿಂದಲೂ ಕಲಿಯಬಹುದು. ಸಾವಿರ ಕಿಲೋಮೀಟರುಗಳ ನನ್ನ ಪುಸ್ತಕವೂ ಒಂದು ಹೊರೆಯೇ ಆಗಿತ್ತು.

ಮರುದಿನ ಸೂರ್ಯೋದಯವಾದ ಮೇಲೆ ವಿಹಾರ ಮುಂದುವರಿಯಿತು. ಹುಡುಗ ಗಡಿಯಾರವನ್ನು ಬಿಚ್ಚಿ ಚೀಲಕ್ಕೆ ಹಾಕಿದನೆಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು, ಅವನು ಬಿಚ್ಚಲಿಲ್ಲ. ಆದರೆ ಮಹಾರಾಜರ ಹಿಂದೆ ನಾಲ್ಕು ಮೊಳ ನೆಲ ನೋಡುತ್ತ ಸಂತಪುರದವರೆಗೆ ಅವರ ಹೆಜ್ಜೆಗೇ ಹೆಜ್ಜೆ ಹಾಕಿದ. ತುಳಿತಕ್ಕೆ ಸಿಗಬಹುದಾಗಿದ್ದ ಹುಳುಗಳನ್ನು ಎಲೆಯ ಮೇಲೆ ಎತ್ತಿ ಹೊಲದ ಅಂಚಿಗೆ ಬಿಟ್ಟ. ಹಿಂದಿನ ಸಂಜೆ ಕಾದು ಮನೆಗೆ ಮರಳಿದ್ದ ಜನ ಬೆಳಿಗ್ಗೆ ಮತ್ತೆ ಕಲಶ ಹಿಡಿದು ನಿಂತಿದ್ದರು. ಯಾರ ಮುಖದಲ್ಲಿಯೂ ಬೇಸರವಿರಲಿಲ್ಲ. ಬೇಸರವೆಲ್ಲ ನನ್ನ ಪಟ್ಟಿಯಲ್ಲಿತ್ತು.

ಔರಾದಿನಲ್ಲಿ ಮಹಾರಾಜರಿಗೆ ನಮೋಸ್ತು ಹೇಳಿ ನಾವು ಭಾಲ್ಕಿಗೆ ಮರಳಿದೆವು. ಆ ದಿನಗಳ ಲೆಕ್ಕವನ್ನು ನಾನು ಬರೆಯಲಿಲ್ಲ. ಪುಸ್ತಕ 1,000ಕ್ಕೆ ಸ್ವಲ್ಪ ಕಡಿಮೆಯಲ್ಲಿಯೇ ನಿಂತಿದೆ. ಕಪಾಟು ತೆರೆದಾಗಲೆಲ್ಲ ಉಳಿದ ಅಂಕಿಯನ್ನು ತುಂಬಿಬಿಡಲೇ ಎಂದು ಕೈ ಈಗಲೂ ತುಡಿಯುತ್ತದೆ. ಮುಳ್ಳು ಇನ್ನೂ ಪೂರ್ತಿ ಹೊರಬಂದಿಲ್ಲವೆಂದು ಆಗ ಅರಿವಾಗುತ್ತದೆ. ಓದುಗರು ಮುಂದಿನ ಸಲ ಯಾವುದೇ ಕ್ಷೇತ್ರದ ಮೆಟ್ಟಿಲು ಹತ್ತುವಾಗ, ಬೇಗ ಹತ್ತಿರಿ ಅಥವಾ ಸಾವಕಾಶವಾಗಿ ಹತ್ತಿರಿ, ಅದು ನಿಮ್ಮ ಮೊಣಕಾಲಿಗೆ ಬಿಟ್ಟದ್ದು. ಮುಂದಿನ ನಾಲ್ಕು ಮೊಳ ನೆಲವನ್ನು ಮಾತ್ರ ನೋಡಿಕೊಂಡು ಹತ್ತಿರಿ.