ಅವರಾದ್ರೆ ಮೇಷ್ಟ್ರು, ಇವರಾದ್ರೆ ಒಗ್ಗರಣೆನಾ?

ಲೇಖಕರ ಹೆಸರು ಮೊಟಕು ಮಾಡೋದ್ರಲ್ಲಿ ನಮ್ಮ ಕನ್ನಡದೋರನ್ನ ಮೀರಿಸೋರಿಲ್ಲ ಕಣ್ರೀ. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಅಂತ ಅಷ್ಟುದ್ದ ಯಾರು ಹೇಳ್ತಾರೆ ಅಂತ ಅನಕೃ ಅಂದ್ವಿ. ತಳುಕಿನ ಸುಬ್ಬರಾಯರು ತರಾಸು ಆದ್ರು, ಪೂರ್ಣಚಂದ್ರ ತೇಜಸ್ವಿ ಪೂಚಂತೇ ಆದ್ರು. 2025ರಲ್ಲಿ ತೀರಿಕೊಂಡ ಎಚ್.ಎಸ್. ವೆಂಕಟೇಶಮೂರ್ತಿಗಳು ಎಲ್ಲರ ಬಾಯಲ್ಲೂ ಎಚ್ಚೆಸ್ವಿ. ಮನೆ ಮಗನ್ನ ಪುಟ್ಟ ಅಂತ ಕರೆದ ಹಾಗೆ. ಓದಿ ಓದಿ ಹತ್ತಿರ ಆದೋರನ್ನ ತಾನೆ ಹಾಗೆ ಕರೆಯೋಕಾಗೋದು? ಇದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರೋದು ಓದದೇನೇ ಇಡೋ ಹೆಸರಿಗೆ. ಯಲಹಂಕದಲ್ಲಿ ನಮ್ಮದೊಂದು ಓದೋ ಗುಂಪಿದೆ. ಈಗ ಬರೀತಿರೋರಿಗೆಲ್ಲ ಅಲ್ಲಿ ಒಂದೊಂದು ಅಡ್ಡಹೆಸರು. ಪ್ರತಿ ಕಥೇಲೂ ಮಳೆ ಬರಿಸೋರು ‘ಮಳೆ ಮೇಷ್ಟ್ರು’. ಕೇಳಿದ್ರೆ ನಂಗೂ ನಗು ಬರತ್ತೆ. ಆದ್ರೆ ಅತ್ತೆ-ಸೊಸೆ ವಿಷಯ ಬರೆಯೋ ಹೆಂಗಸು ‘ಒಗ್ಗರಣೆ ಆಂಟಿ’, ಓದೋರನ್ನ ಅಳಿಸೋ ಹೆಂಗಸು ‘ಟ್ಯಾಂಕರ್’. ಬೇಸಿಗೇಲಿ ನೀರಿನ ಟ್ಯಾಂಕರ್‌ಗಾದ್ರೆ ದಾರಿ ಕಾಯ್ತೀವಿ. ಈ ‘ಟ್ಯಾಂಕರ್’ ಪುಸ್ತಕ ಮಾತ್ರ ಯಾರೂ ಮುಟ್ಟಲ್ಲ. ಗಂಡಸು ಮಳೆ ಬರಿಸಿದ್ರೆ ಮೇಷ್ಟ್ರು, ಹೆಂಗಸು ಕಣ್ಣೀರು ಬರಿಸಿದ್ರೆ ಟ್ಯಾಂಕರ್. ಇದ್ಯಾವ ನ್ಯಾಯ?

ಇದೇನು ಹೊಸದಲ್ಲ. ‘ಅಡುಗೆಮನೆ ಸಾಹಿತ್ಯ’ ಅಂತ ಒಂದು ಚೀಟಿ ಅಂಟಿಸಿ, ನಮ್ಮ ಅಮ್ಮಂದಿರು ಓದ್ತಿದ್ದ ಲೇಖಕಿಯರನ್ನೆಲ್ಲ ಅಟ್ಟಕ್ಕೆ ಹಾಕಿದ್ರು. ಆ ಅಟ್ಟ ಹತ್ತಿ ನೋಡಿ ಒಂದ್ಸಲ. ತ್ರಿವೇಣಿಯವರ ‘ಶರಪಂಜರ’ ಸಿಗತ್ತೆ. ಬಾಣಂತನದಲ್ಲಿ ಮನಸ್ಸು ಕೆಟ್ಟ ಹೆಂಗಸು ವಾಸಿಯಾಗಿ ಮನೆಗೆ ಬಂದ್ರೂ ಹುಚ್ಚಿ ಅನ್ನೋ ಹೆಸರು ಅವಳನ್ನ ಬಿಡಲ್ಲ. ಜನ ಇಟ್ಟ ಒಂದು ಹೆಸರು ಒಂದು ಜೀವಾನ ಹೇಗೆ ತಿನ್ನತ್ತೆ ಅಂತ ಬರೆದಾಕೆ, 1963ರಲ್ಲಿ, ಮಗು ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡ್ರು. ವಯಸ್ಸು 35 ತುಂಬಿರಲಿಲ್ಲ. ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ‘ತುಂಗಭದ್ರ’ ಬಂತು. 45 ದಾಟಿದ ಮೇಲೆ ಕಾದಂಬರಿಗಾರ್ತಿ ಆದೋರು ಅವರು. ಅವರ ‘ಫಣಿಯಮ್ಮ’ ಓದಿ. ಒಬ್ಬ ಬಾಲವಿಧವೆಯ ಬಾಳಲ್ಲಿ ಆ ಕಾಲದ ಕ್ರೌರ್ಯ ಅಷ್ಟೂ ಕಾಣತ್ತೆ. ಇದು ಅಡುಗೆಮನೆ ಸಾಹಿತ್ಯ ಆದ್ರೆ, ಆಗ್ಲಿ ಬಿಡಿ. ಅಡುಗೆಮನೆ ಇಲ್ಲದೆ ಯಾವ ಮನೆ ನಡೆದಿದೆ?

‘ಅಯ್ಯೋ ಆಂಟಿ, ತಮಾಷೆಗೆ ಅಂದಿದ್ದು’ ಅಂತಾರೆ ಹುಡುಗರು. ಹೆಂಗಸರು ಬರೆದಿದ್ದೆಲ್ಲ ಚಿನ್ನ ಅಂತ ನಾನೂ ಹೇಳ್ತಿಲ್ಲ. ಹಳಸಿದ್ದನ್ನ ಹಳಸಿದ್ದು ಅನ್ನಿ, ಆದ್ರೆ ತಟ್ಟೆಗೆ ಹಾಕ್ಕೊಂಡು ರುಚಿ ನೋಡಿ ಅನ್ನಿ. ಪಾತ್ರೆ ಮುಚ್ಚಳ ತೆಗೀದೆ ಮೂಗು ಮುಚ್ಕೊಳೋದು ತಮಾಷೆ ಅಲ್ಲ, ಸೋಮಾರಿತನ.

2025ರಲ್ಲಿ ಬಾನು ಮುಷ್ತಾಕರ ಕಥೆಗಳು, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ, ಇಂಟರ್‌ನ್ಯಾಷನಲ್ ಬುಕರ್ ಗೆದ್ದವು. ಆ ಕಥೆಗಳಲ್ಲಿರೋದೂ ಮನೆ, ಗಂಡ, ಮಕ್ಕಳು, ಹೆಂಗಸರ ಸಂಕಟವೇ. ಈಗ ಎಲ್ಲರೂ ಭೇಷ್ ಅಂತಾರೆ. ಸಂತೋಷ. ಆದ್ರೆ ನಮ್ಮ ಪಕ್ಕದ ಬೀದೀಲಿ ಕೂತು ಬರೆಯೋಳಿಗೂ ಲಂಡನ್ನಿನಿಂದಲೇ ಚೀಟಿ ಬರ್ಬೇಕಾ, ನಾವು ಓದೋಕೆ?

ಅಡ್ಡಹೆಸರು ಇಡಿ, ಧಾರಾಳವಾಗಿ ಇಡಿ. ಅದಕ್ಕೆ ಮುಂಚೆ ಐವತ್ತು ಪುಟ ಓದಿ. ಓದಿದ ಮೇಲೂ ‘ಒಗ್ಗರಣೆ’ ಅಂತಲೇ ಕರೀಬೇಕು ಅನ್ನಿಸಿದ್ರೆ, ಅದರ ಘಮ ನಿಮ್ಮ ಮೂಗಿಗೆ ಬಡಿದಿದೆ ಅಂತಲೇ ತಿಳ್ಕೋತೀನಿ.