ಮನೆಯ ಮೇಲಣ ಧ್ವಜ

ಕಳೆದ ಸ್ವಾತಂತ್ರ್ಯದಿನದ ಮರುದಿನ ಬೆಳಗ್ಗೆ ನಮ್ಮ ಬೀದಿಯ ಚರಂಡಿಯ ಅಂಚಿನಲ್ಲಿ ಕಾಗದದ ಬಾವುಟವೊಂದು ಬಿದ್ದಿದ್ದಿತು. ಎತ್ತಿ ತಂದೆನು. “ಇದನ್ನೇನು ಮಾಡುವಿರಿ, ತಾತ?” ಎಂದಳು ಮೊಮ್ಮಗಳು. ಇಂಥವನ್ನು ನೆಲಕ್ಕೆಸೆಯಲಾಗದು, ಏಕಾಂತದಲ್ಲಿ ಗೌರವದಿಂದ ವಿಸರ್ಜಿಸತಕ್ಕದ್ದೆಂದು ಧ್ವಜಸಂಹಿತೆಯ ವಿಧಿ. ಹಿತ್ತಲಿನಲ್ಲಿ ಅಗ್ನಿಗೆ ಒಪ್ಪಿಸಿದೆವು.

ಡೆನ್ಮಾರ್ಕಿನಲ್ಲಿ ರಾಷ್ಟ್ರಧ್ವಜವು ಗೃಹಕೃತ್ಯಗಳಲ್ಲಿಯೇ ಬೆರೆತುಹೋಗಿರುವುದು. ಮಗುವಿನ ಹುಟ್ಟುಹಬ್ಬದಂದು ಊಟದ ಮೇಜಿನ ಮೇಲೆ, ಕ್ರಿಸ್‌ಮಸ್ಸಿನಲ್ಲಿ ಮರದ ಕೊಂಬೆಗಳಲ್ಲಿ, ಬಿಳಿಯ ಶಿಲುಬೆಯುಳ್ಳ ಆ ಕೆಂಪು ಬಾವುಟಗಳೇ. ನಮ್ಮಲ್ಲಿ ಮಾವಿನ ತೋರಣವಿದ್ದಂತೆ! ನೆರೆಯ ಜರ್ಮನಿಯ ರೀತಿ ಬೇರೆ. 1945ರಲ್ಲಿ ನಾಜಿಗಳ ಆಳ್ವಿಕೆ ಅಳಿದ ಬಳಿಕ ಮನೆಯ ಮೇಲೆ ಧ್ವಜವೇರಿಸಲು ಅಲ್ಲಿಯ ಬಹುಜನರು ದಶಕಗಳ ಕಾಲ ಅಳುಕಿದರು. 2006ರಲ್ಲಿ ವಿಶ್ವಕಪ್ ಕಾಲ್ಚೆಂಡಿನಾಟವು ಅಲ್ಲಿಯೇ ನಡೆದಾಗ ಕಿಟಕಿಗಳಲ್ಲಿಯೂ ಕಾರುಗಳಲ್ಲಿಯೂ ಧ್ವಜಗಳು ತುಂಬಿದುವು. ಆಗಲೂ ಕೆಲವರಿಗೆ ಸಮಾಧಾನವಿರಲಿಲ್ಲ. ಆ ಸಂಕೋಚವೂ ದೇಶಚಿಂತೆಯೇ ಎಂದು ನನ್ನ ಮತ.

ನಮಗಾದರೋ 2002ರ ಜನವರಿ 26ರವರೆಗೆ ಕೆಲವು ನಿಯತ ದಿನಗಳನ್ನುಳಿದು ಮನೆಯ ಮೇಲೆ ಧ್ವಜವೇರಿಸುವ ಸ್ವಾತಂತ್ರ್ಯವಿರಲಿಲ್ಲ. ಗೌರವದಿಂದ ಧ್ವಜವೇರಿಸುವುದು ಪ್ರಜೆಯ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2004ರಲ್ಲಿ ತೀರ್ಪಿತ್ತಿತು. 2022ರಿಂದ ಮನೆಗಳಲ್ಲಿ ಹಗಲಿರುಳೂ ಹಾರಿಸಬಹುದಾಗಿದೆ. ಆದರೆ ಏರಿಸಿದವರೆಲ್ಲರೂ ಇಳಿಸುವುದನ್ನು ನೆನೆಯುವರೆ? ಬಣ್ಣ ಮಾಸಿ, ಅಂಚು ಚಿಂದಿಯಾಗಿ ದೀಪಾವಳಿಯವರೆಗೂ ಮಹಡಿಯಲ್ಲಿ ತೂಗುವ ಬಾವುಟಗಳನ್ನು ನೀವೂ ಕಂಡಿರಬಹುದು. ಅದಕ್ಕಿಂತ ಬರಿಯ ಮಹಡಿಯೇ ಲೇಸು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸಿದ್ಧವಾಗುವ ಖಾದಿಯ ಧ್ವಜವೊಂದನ್ನು ಈಗ ತರಿಸಿರುವೆನು. ಸಂಜೆ ಇಳಿಸಿ ಮಡಿಸಿಡುವ ಕೆಲಸ ಮೊಮ್ಮಗಳದು.